ನಿದಿಯಾ ಮೇಡಂ ಕಂಡುಹಿಡಿದ ದಾರಿ

ಭಾನುವಾರ ದೇವರೇ ಕೈಕಾಲು ಚಾಚಿ ಸುಧಾರಿಸಿಕೊಂಡ ದಿನ ಎಂಬುದನ್ನು ಕಾರ್ತಾಗೊ ಪಟ್ಟಣದಲ್ಲಿ ಎಲ್ಲರೂ ಒಪ್ಪುತ್ತಾರೆ. ಒಪ್ಪದವನು ಎವೆಲಿಯೊ ಒಬ್ಬನೇ. ನಿದಿಯಾ ಹುಡುಕಿ ಹುಡುಕಿ ಅವನನ್ನೇ ಮದುವೆಯಾಗಿದ್ದಳು.

ನಿದಿಯಾ ಒಂದನೇ ಕ್ಲಾಸಿನ ಮೇಡಂ. ಮೂಗು ಸುರಿಸುವ, ಪೆನ್ಸಿಲ್ ಕಳೆಯುವ, ಪಕ್ಕದವನನ್ನು ಕಚ್ಚುವ ಮಕ್ಕಳ ನಡುವೆ ವಾರವಿಡೀ ನಿಂತು ಅವಳ ಕಾಲುಗಳು ಕಂಬವಾಗಿರುತ್ತಿದ್ದವು. ಶನಿವಾರ ಬಟ್ಟೆ ಒಗೆತ, ಇಸ್ತ್ರಿ. ಕೂರುವುದಕ್ಕೆ ಅಂತ ಉಳಿದದ್ದು ಭಾನುವಾರ ಒಂದೇ. (ಹೆಸರಿನಲ್ಲಿ ಅರ್ಧ ನಿದ್ದೆ ಇತ್ತೇ ಹೊರತು ಕಣ್ಣಿಗೆ ಕಾಲು ಭಾಗವೂ ಸಿಗುತ್ತಿರಲಿಲ್ಲ.)

ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದ ಎವೆಲಿಯೊ ಬಳಿ ನಾಲ್ಕು ಚಕ್ರವೂ ಎಳೆಯುವ ಹಳೆಯ ಜೀಪೊಂದಿತ್ತು. ಅವನು ಅದನ್ನು ಮಹಾರಾಣಿ ಅನ್ನುತ್ತಿದ್ದ, ಇವಳು ಸವತಿ ಅನ್ನುತ್ತಿದ್ದಳು. ಅಂಥ ಜೀಪಿಗೆ ದಾರಿಯಲ್ಲದ ದಾರಿಯೇ ಬೇಕು. ವಾರವೆಲ್ಲ ಅದರ ಮಹಾನ್ವೇಷಣೆ. ಹಾಲಿನ ಲಾರಿಯವರನ್ನು ಅಡ್ಡಹಾಕಿ ಕೇಳುವನು, ಫೋನಿನ ನಕ್ಷೆಯಲ್ಲಿ ಬೆಟ್ಟ ಹಿಗ್ಗಿಸಿ ಹಿಗ್ಗಿಸಿ ನೋಡುವನು. ಒಮ್ಮೆ ಚರ್ಚಿಗೆ ಪಾಪ ಹೇಳಿಕೊಳ್ಳಲು ಹೋದವನು, ಪಾದ್ರಿಗಳು ಮಳೆಗಾಲದಲ್ಲಿ ಬೆಟ್ಟದ ಹಳ್ಳಿಗೆ ಹೋಗುವ ಹಿಂಬದಿಯ ದಾರಿ ಯಾವುದೆಂದು ತಿಳಿದುಕೊಂಡು ಬಂದಿದ್ದ. (ಪಾಪ ಹಾಗೇ ಉಳಿಯಿತು.) ಪ್ರತಿ ಭಾನುವಾರ ಆ ದಾರಿಗಳಲ್ಲಿ ಕುಲುಕಿ ಕುಲುಕಿ ನಿದಿಯಾಳ ಸೊಂಟದ ಮೂಳೆಗಳು ಒಂದರ ಮನೆಗೆ ಇನ್ನೊಂದು ನೆಂಟರಂತೆ ಹೋಗಿ ಬರುತ್ತಿದ್ದವು.

ಹೀಗಿರಲು ಅವಳ ಚಿಕ್ಕಮ್ಮನ ಮಗಳು ಸೊರೈದಾ ಫೋನ್ ಮಾಡಿದಳು. ಇಗೆರೋನ್ ಎಂಬ ಬೆಟ್ಟದ ಹಳ್ಳಿಯಲ್ಲಿ ಹಸು ಸಾಕಿಕೊಂಡು, ಬಂದವರಿಗೆ ಟ್ರೌಟ್ ಮೀನು ಹುರಿದು ಬಡಿಸುವವಳು.

"ಅಕ್ಕ, ನಮ್ಮೂರಿಗೆ ಸಿಮೆಂಟು ರೋಡು ಬಂತು. ಮಡಿಲಲ್ಲಿ ಮೊಟ್ಟೆ ಇಟ್ಕೊಂಡು ಬಂದ್ರೂ ಒಡೆಯಲ್ಲ. ಯಾವಾಗ ಬರ್ತೀಯ?"

ನಿದಿಯಾಳಿಗೆ ಜ್ಞಾನೋದಯವಾಯಿತು. ಅಂದು ಊಟಕ್ಕೆ ಕೂತಾಗ ಗಂಡನ ತಟ್ಟೆಗೆ ಅನ್ನ ಹಾಕುತ್ತಾ ಹೇಳಿದಳು: "ಇಗೆರೋನ್ ದಾರಿ ಭಾರಿ ಕೆಟ್ಟದಂತೆ ರೀ. ಎತ್ತುಗಳೇ ಅರ್ಧಕ್ಕೆ ಕೂತುಬಿಡ್ತವಂತೆ."

ಎವೆಲಿಯೊ ಚಮಚ ಕೆಳಗಿಟ್ಟ. "ಯಾರು ಹೇಳಿದ್ದು?"

"ಸೊರೈದಾ. ನಿಮ್ಮ ಕೈಲಿ ಆಗಲ್ಲ ಬಿಡಿ."

ಅಷ್ಟು ಸಾಕಾಯಿತು.

ಭಾನುವಾರ ಬೆಳಿಗ್ಗೆ ಎವೆಲಿಯೊ ಮೊಣಕಾಲಿನವರೆಗೆ ರಬ್ಬರ್ ಬೂಟು ಏರಿಸಿ, ಕೆಸರಿನಲ್ಲಿ ಹಿಡಿತ ಸಿಗಲೆಂದು ಟೈರಿನ ಗಾಳಿ ಇಳಿಸಿ, ರಣರಂಗಕ್ಕೆ ಹೊರಟ. ನಿದಿಯಾ ಹೂವಿನ ಫ್ರಾಕು, ಬಿಳಿ ಚಪ್ಪಲಿ ಹಾಕಿಕೊಂಡು, ಮೀನು ತಿಂದು ಸೊರೈದಾಳ ಜಗಲಿಯ ತೂಗುಕುರ್ಚಿಯಲ್ಲಿ ಸಂಜೆಯವರೆಗೂ ಬಿದ್ದುಕೊಳ್ಳಲು ಹೊರಟಳು. ಹೆದ್ದಾರಿ ಬಿಟ್ಟು ತಿರುಗಿದರೆ ಸಿಮೆಂಟು ರಸ್ತೆ ದೋಸೆ ಕಾವಲಿಯ ಹಾಗೆ ನುಣ್ಣಗೆ ಹರಡಿತ್ತು.

ಎವೆಲಿಯೊ ಜೀಪು ನಿಲ್ಲಿಸಿ ಇಳಿದ. ಬಗ್ಗಿ ಸಿಮೆಂಟನ್ನು ಕೈಯಿಂದ ಮುಟ್ಟಿ ನೋಡಿದ. ಅಷ್ಟರಲ್ಲಿ ಕಾನ್ವೆಂಟಿನ ಸಿಸ್ಟರ್ ಒಬ್ಬರು ಬೆಂಕಿಪೊಟ್ಟಣದಂಥ ಕಾರಿನಲ್ಲಿ ಪಕ್ಕಕ್ಕೆ ಬಂದು, "ಏನಪ್ಪಾ, ಗಾಡಿ ಕೆಟ್ಟಿದೆಯಾ? ತಳ್ಳಬೇಕಾ?" ಎಂದು ಕೇಳಿ, ಬೇಡವೆಂದ ಮೇಲೆ ಜಪಮಾಲೆ ತೂಗಿಸಿಕೊಂಡು ಮುಂದೆ ಹೋದರು.

ಎವೆಲಿಯೊ ಬೈಯಲಿಲ್ಲ. ಬೈದಿದ್ದರೆ ನಿದಿಯಾ ಹಾಯಾಗಿ ಜಗಳವಾಡಿ ನಿದ್ದೆ ಹೋಗುತ್ತಿದ್ದಳು. ನಾಲ್ಕು ಚಕ್ರಕ್ಕೂ ಎಳೆತ ಕೊಡುವ, ಗೇರ್ ಪಕ್ಕದ ಕಡ್ಡಿಯನ್ನು ಅವನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಎರಡೇ ಚಕ್ರದ ಎಳೆತದಲ್ಲಿ ಸುಮ್ಮನೆ ಓಡಿಸತೊಡಗಿದ. ಹುಟ್ಟುಹಬ್ಬದ ದಿನ ಶಾಲೆಗೆ ರಜೆಯಾಗಿಬಿಟ್ಟ ಮಗುವಿನ ಮುಖ ಅದು. ನಿದಿಯಾ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೂ ಅದೇ ಮುಖ.

"ಅಲ್ಲಿ ಎಡಕ್ಕೆ ಒಂದು ಮಣ್ಣುದಾರಿ ಇಳಿಯುತ್ತೆ ನೋಡಿ," ಎಂದಳು ಕೊನೆಗೆ, ಸುಸ್ತಾಗಿ. "ಸ್ವಲ್ಪ ಹೋಗಿ ಬನ್ನಿ. ಸ್ವಲ್ಪ ಮಾತ್ರ."

ಮುಖ ಬೆಳಗಿತು. ಕಡ್ಡಿ ಮುಂದಕ್ಕೆ ಬಂತು. ಮಹಾರಾಣಿ ಗುಟುರು ಹಾಕಿ ಇಳಿದಳು, ತಿರುವು ದಾಟಿದಳು, ಕಪ್ಪು ಕೆಸರಿನೊಳಗೆ ಹೊಟ್ಟೆಯವರೆಗೆ ಕೂತಳು. ಆಮೇಲೆ ಏಳಲಿಲ್ಲ.

"ನೀನು ಇಳಿದು ತಳ್ಳು ಕಣೇ. ಸ್ಟೇರಿಂಗ್ ಹಿಡಿಯೋಕೆ ಅನುಭವ ಬೇಕು."

ನಿದಿಯಾ ಇಳಿದಳು. ಬಿಳಿ ಚಪ್ಪಲಿಗಳು ಒಂದಾದ ಮೇಲೊಂದು ಪಾತಾಳ ಸೇರಿದವು. ತಳ್ಳಿದಳು. ಹಿಂದಿನ ಚಕ್ರ ತಿರುಗಿ ಅವಳ ಹೂವಿನ ಫ್ರಾಕಿನ ಮೇಲಿದ್ದ ಹೂವುಗಳನ್ನೆಲ್ಲ ಒಂದೇ ಬಣ್ಣ ಮಾಡಿತು. ಕೆಸರಿಗೆ ಇಷ್ಟು ವಾಸನೆ ಯಾಕೆ ಎಂದು ಅವಳು ಯೋಚಿಸುತ್ತಿರುವಾಗ ಟ್ರ್ಯಾಕ್ಟರ್ ಸದ್ದಾಯಿತು. ಸೊರೈದಾ ಬರುತ್ತಿದ್ದಳು.

"ಯಾರಪ್ಪಾ ನನ್ನ ಗೊಬ್ಬರದ ಗುಂಡಿಗೆ ಇಳಿದವರು ಅಂತ ನೋಡ್ದೆ," ಎಂದಳು ಸೊರೈದಾ. "ಅಕ್ಕ? ನೀನಾ? ಅಷ್ಟು ಚೆನ್ನಾಗಿರೋ ಸಿಮೆಂಟು ರೋಡು ಬಿಟ್ಟು ಇಲ್ಲಿಗ್ಯಾಕೆ ಬಂದೆ? ಮೊಟ್ಟೆ ಕೂಡ ಒಡೆಯಲ್ಲ ಅಂತ ಫೋನಲ್ಲಿ ಅಷ್ಟು ಹೇಳಿದ್ನಲ್ಲ."

ಎವೆಲಿಯೊ ತಲೆ ಹೊರಗೆ ಹಾಕಿ ಹೆಂಡತಿಯನ್ನು ನೋಡಿದ. ನಿದಿಯಾ ನೆಲ ನೋಡಿದಳು. (ನೋಡುವಂಥದ್ದೇನೂ ಅಲ್ಲಿರಲಿಲ್ಲ.)

"ಸಿಮೆಂಟು ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಹೂಂ."

ಅವನು ಕೆಸರಿಗೆ ಇಳಿದು ಅವಳ ಪಕ್ಕಕ್ಕೆ ಬಂದು ಹೇಳಿದ: "ಸಿಮೆಂಟು ತೋರಿಸಿ ಬೇಜಾರು ಮಾಡಿಸಿ, ಆಮೇಲೆ ಇದನ್ನ ತೋರಿಸೋಣ ಅಂತ ಇಟ್ಕೊಂಡಿದ್ಯಲ್ಲ. ಇಷ್ಟು ವರ್ಷದಲ್ಲಿ ನನಗೋಸ್ಕರ ಯಾರೂ ಒಂದು ದಾರಿ ಹುಡುಕಿ ಕೊಟ್ಟಿಲ್ಲ ಕಣೇ."

ನಿದಿಯಾ ನಿಜ ಹೇಳಲು ಬಾಯಿ ತೆರೆದಳು. ಬಾಯಿ ತೆರೆಯುವ ಜಾಗ ಅದಾಗಿರಲಿಲ್ಲ. ಮುಚ್ಚಿಕೊಂಡಳು.

ಟ್ರ್ಯಾಕ್ಟರ್ ಎಳೆದು ಹಾಕುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಇದ್ದ ಮೀನನ್ನೆಲ್ಲ ಸಿಸ್ಟರ್ ಕಾನ್ವೆಂಟಿಗೆ ಕಟ್ಟಿಸಿಕೊಂಡು ಹೋಗಿದ್ದರು. ಒಂದು ಬಿಸಿನೀರ ಸ್ನಾನ, ಸೊರೈದಾ ಕೊಟ್ಟ ಹಳೇ ಲಂಗ, ಒಂದಿಷ್ಟು ಗಿಣ್ಣು, ಅಷ್ಟೇ ಆ ದಿನದ ಲಾಭ.

ಮುಂದಿನ ಭಾನುವಾರ ಅವಳು ಏಳುವ ಮೊದಲೇ ಬೀದಿಯಲ್ಲಿ ಜೀಪುಗಳ ಸಾಲು ನಿಂತಿತ್ತು. ಎವೆಲಿಯೊನ ಜೀಪು ಬಳಗದವರು. ಅವರ ಅಧ್ಯಕ್ಷ, ನಿವೃತ್ತ ಹಲ್ಲು ಡಾಕ್ಟರ್ ದೋನ್ ಅಬೆಲಾರ್ದೊ, ಟೋಪಿ ತೆಗೆದು ಬಾಗಿಲಲ್ಲಿ ನಿಂತಿದ್ದರು.

"ಮೇಡಂ, ಎವೆಲಿಯೊ ಎಲ್ಲ ಹೇಳಿದ. ನಮ್ಮಲ್ಲಿ ಯಾರಿಗೂ ಇಲ್ಲದ ಕಣ್ಣು ನಿಮಗಿದೆ. ಇನ್ಮೇಲೆ ಪ್ರತಿ ವಾರ ದಾರಿ ಹುಡುಕೋದು ನೀವೇ. ಮುಂದಿನ ಸೀಟು ನಿಮ್ಮದು."

ನಿದಿಯಾಳಿಗೆ ಇನ್ನು ತಡೆಯಲಾಗಲಿಲ್ಲ. "ನೋಡಿ ಸ್ವಾಮಿ, ನಾನು ಮಲಗಬೇಕು ಅಂತ ಸುಳ್ಳು ಹೇಳಿದ್ದೆ. ಅದು ದಾರಿಯೇ ಅಲ್ಲ, ದನದ ಗೊಬ್ಬರದ ಗುಂಡಿ."

ದೋನ್ ಅಬೆಲಾರ್ದೊ ಹಿಂದಕ್ಕೆ ತಿರುಗಿ ಬಳಗದವರನ್ನು ನೋಡಿ ತಲೆದೂಗಿದರು.

"ಕೇಳಿದ್ರಾ? ಒಳ್ಳೇ ಜಾಗ ಕಂಡುಹಿಡಿದವರು ಯಾರೂ ಅಷ್ಟು ಸುಲಭವಾಗಿ ಬಾಯಿಬಿಡಲ್ಲ."