ಟಚ್‌ಪ್ಯಾಡಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿದ ಬಗ್ಗೆ

ವಿಭಾಗೀಯ ಕಚೇರಿ, ಕಲಬುರಗಿ
ಸಂಖ್ಯೆ: ವಿಕ/ಕಲಬು/ಬೆರಳು/03

ಸುತ್ತೋಲೆ

ವಿಷಯ: ಮೌಸ್, ಕೀಬೋರ್ಡ್, ಟಚ್‌ಪ್ಯಾಡ್ ಇವುಗಳ ಪೈಕಿ ನೌಕರರ ವೈಯಕ್ತಿಕ ಇಷ್ಟವನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: 1) ಕಮಲಾಪುರ ಉಪ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಮಂಜುಷಾ ಅವರ ಮನವಿ.
2) ಅದೇ ಮನವಿ, ಸಿಟ್ಟಿನಿಂದ.

ಪ್ರಸ್ತಾವನೆ:

ಕಮಲಾಪುರ ಉಪ ಕಚೇರಿಗೆ ಮೌಸ್ ಇರಲಿಲ್ಲ. ಇದ್ದ ಒಂದೇ ಲ್ಯಾಪ್‌ಟಾಪನ್ನು ಶ್ರೀಮತಿ ಮಂಜುಷಾ ಅವರು ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ ನಡೆಸುತ್ತಿದ್ದರು. ತಮಗದೇ ಇಷ್ಟ ಎಂದೂ ಹೇಳುತ್ತಿದ್ದರು. ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ನಿತ್ಯ ಬಸ್ಸಿನಲ್ಲಿ ಬಂದುಹೋಗುವ ಇವರು, ಸಂಜೆ ಶಾಲೆಯಿಂದ ಬಂದ ಮಗಳು ತಾವು ಮನೆ ಮುಟ್ಟುವವರೆಗೆ ಪಕ್ಕದ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆಂಬ ಕಾರಣಕ್ಕೆ ನಗರಕ್ಕೆ ವರ್ಗಾವಣೆ ಬಯಸಿದ್ದರು. ಆಯುಧಪೂಜೆಯ ಮುನ್ನಾದಿನ ಸಂಜೆ ಐದಕ್ಕೆ ವರ್ಗಾವಣೆಯ ಆನ್‌ಲೈನ್ ಅರ್ಜಿಯ ಗಡುವಿತ್ತು. ಮೊಬೈಲಿನಲ್ಲಿ ಆ ಅರ್ಜಿ ತೆರೆಯುವುದಿಲ್ಲ.

ಅದೇ ದಿನ ಕಚೇರಿಯ ಪೂಜೆಗೆಂದು ಕಲಬುರಗಿಯಿಂದ ಬಂದ ಅಧೀಕ್ಷಕ ಶ್ರೀ ದೇವೀಂದ್ರಪ್ಪ ಅವರು ಕಪಾಟು, ಜೀಪು, ಕೆಟ್ಟುಹೋದ ಜೆರಾಕ್ಸ್ ಯಂತ್ರ ಎಲ್ಲಕ್ಕೂ ವಿಭೂತಿ ಹಚ್ಚಿ, ನಾಲ್ಕೂವರೆಗೆ ಲ್ಯಾಪ್‌ಟಾಪಿನ ಬಳಿ ಬಂದರು. ಟಚ್‌ಪ್ಯಾಡಿನ ಮೇಲೆ ಮೂರು ಬೆರಳು ಅಡ್ಡ ಎಳೆಯಲಾಯಿತು. ಹಾಗೆ ಎಳೆದರೆ ತೆರೆದಿದ್ದ ಪುಟ ಹಿಂದೆ ಸರಿದು ಬೇರೊಂದು ಬರುತ್ತದೆಂಬುದು ಅಲ್ಲಿದ್ದವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ಅಧೀಕ್ಷಕರಲ್ಲ.

ಆಗ ಆಡಲಾದ ಮಾತುಗಳನ್ನು ಇದ್ದಂತೆಯೇ ದಾಖಲಿಸಲಾಗಿದೆ:

ಮಂಜುಷಾ: “ಸರ್, ಕೈ ತೆಗಿರಿ! ಅರ್ಜಿ ಇನ್ನಾ ಕಳಿಸಿಲ್ರಿ!”

ದೇವೀಂದ್ರಪ್ಪ: “ತಡಿಯವ್ವಾ, ದೇವರ ಕೆಲಸಕ್ಕ ಅವಸರ ಮಾಡಬಾರದು. ಅರೆ! ಎಲ್ಲಿ ಹೋಯ್ತು ಇದು?”

ಮಂಜುಷಾ: “ಎಲ್ಲೂ ಹೋಗಿಲ್ರಿ, ಹಿಂದೇ ಅದ. ಆ ಗುಂಡಿ ಒತ್ತಬ್ಯಾಡ್ರಿ. ಒತ್ತೇ ಬಿಟ್ರಲ್ರೀ!”

ಜವಾನ ದೌಲಪ್ಪ: “ನಮ್ಮ ಸಾಹೇಬ್ರ ವಿಭೂತಿಗಿ ಇಷ್ಟು ಪವರ್ ಅದ ಅಂತ ನನಗ ಗೊತ್ತಿರಲಿಲ್ರಿ.”

ಯಂತ್ರದ ಜೀವ ಹೋಗುತ್ತಿದೆ ಎಂದು ಭಾವಿಸಿದ ಅಧೀಕ್ಷಕರು ಗುಂಡಿಯನ್ನು ಒತ್ತಿ ಹಿಡಿದು ಅದನ್ನು ಪೂರ್ತಿ ಆರಿಸಿದರು. ಮತ್ತೆ ಚಾಲೂ ಮಾಡಿದಾಗ ಅದು ‘ಅಪ್‌ಡೇಟ್ ನಡೆದಿದೆ, ಆರಿಸಬೇಡಿ’ ಎಂದಿತು. ಈ ಸೂಚನೆಯನ್ನು ಮಾತ್ರ ಅಕ್ಷರಶಃ ಪಾಲಿಸಲಾಯಿತು. ಪರದೆ ಬೆಳಗಿದಾಗ ಗಡುವು ಮುಗಿದಿತ್ತು.

ಘಟನೆಯ ತನಿಖೆಯನ್ನು ಶ್ರೀ ದೇವೀಂದ್ರಪ್ಪ ಅವರಿಗೇ ವಹಿಸಲಾಗಿ, ಅವರು ತಮ್ಮ ಹೇಳಿಕೆಯನ್ನು ತಾವೇ ಪಡೆದು, ಎರಡು ಬಾರಿ ಓದಿ, ನಂಬಿರುತ್ತಾರೆ. ತಪ್ಪು ಟಚ್‌ಪ್ಯಾಡಿನದು. ಆದುದರಿಂದ ಎಲ್ಲ ನೌಕರರಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. ಪ್ರತಿಯೊಬ್ಬರೂ ಮೌಸ್, ಕೀಬೋರ್ಡ್, ಟಚ್‌ಪ್ಯಾಡ್ ಪೈಕಿ ತಮ್ಮ ಇಷ್ಟವನ್ನು ಲಿಖಿತವಾಗಿ ತಿಳಿಸತಕ್ಕದ್ದು. ಒಮ್ಮೆ ತಿಳಿಸಿದ ಇಷ್ಟವನ್ನು ನಿವೃತ್ತಿಯವರೆಗೆ ಬದಲಿಸುವಂತಿಲ್ಲ.

2. ವಿಭಾಗದಲ್ಲಿ ಸದ್ಯ ಒಂದೇ ಮೌಸ್ ಇದ್ದು, ಅದು ಅಧೀಕ್ಷಕರ ಬಲಗೈಯಲ್ಲಿದೆ. ಮೌಸ್ ಇಷ್ಟಪಡುವ ಉಳಿದವರು ಅದನ್ನು ದೂರದಿಂದ ಇಷ್ಟಪಡತಕ್ಕದ್ದು.

3. ಕೀಬೋರ್ಡ್ ಒಂದರಿಂದಲೇ ಕೆಲಸ ಮುಗಿಸುವವರ ಪರದೆಯಲ್ಲಿ ಬಾಣ ಓಡಾಡುವುದಿಲ್ಲವಾದ್ದರಿಂದ ಅವರು ದುಡಿಯುತ್ತಿದ್ದಾರೋ ಇಲ್ಲವೋ ಮೇಲಧಿಕಾರಿಗೆ ತಿಳಿಯದು. ಅಂಥವರು ಪಕ್ಕದ ಕೋಣೆಗೆ ಕೇಳುವಂತೆ ಕುಟ್ಟತಕ್ಕದ್ದು.

4. ಟಚ್‌ಪ್ಯಾಡ್ ಮೇಲೆ ಏಕಕಾಲಕ್ಕೆ ಒಂದು ಬೆರಳನ್ನು ಮಾತ್ರ ಇಡತಕ್ಕದ್ದು. ಉಳಿದ ಬೆರಳುಗಳನ್ನು ಗಂಡಸರು ಜೇಬಿನಲ್ಲೂ ಹೆಂಗಸರು ಸೆರಗಿನಲ್ಲೂ ಸುರಕ್ಷಿತವಾಗಿ ಇರಿಸಿಕೊಳ್ಳುವುದು. ಒಂದೇ ಕೈಯ ಬೆರಳುಗಳನ್ನು ಬೇರೆ ಬೇರೆ ಕಡೆ ಇಡುವ ಬಗೆಯನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.

5. ವಿಭೂತಿಯನ್ನು ಮುಚ್ಚಿದ ಲ್ಯಾಪ್‌ಟಾಪಿನ ಬೆನ್ನಿಗೆ ಹಚ್ಚುವುದು. ಗೋಪೀಚಂದನವನ್ನು ಒಂದೇ ಬೆರಳಿನಿಂದ ಮೇಲಕ್ಕೆಳೆದರೆ ಬಾಣ ಮೇಲಕ್ಕೆ ಹೋಗುತ್ತದೆಯೇ ಹೊರತು ಪುಟ ಸರಿಯುವುದಿಲ್ಲ ಎಂದು ಗುಮಾಸ್ತ ಶ್ರೀ ಸುಜಯೀಂದ್ರ ಅವರು ಮಾಡಿ ತೋರಿಸಿದ್ದಾರೆ. ಇದರಿಂದ ಯಾವ ಮತದ ಹೆಚ್ಚುಗಾರಿಕೆಯೂ ಸಾಬೀತಾಗುವುದಿಲ್ಲ. ಶ್ರೀ ಸುಜಯೀಂದ್ರ ಅವರು ನಗುಮುಖ ಇಳಿಸತಕ್ಕದ್ದು.

6. ಲ್ಯಾಪ್‌ಟಾಪಿಗೆ ಗಾಲಿಗಳಿಲ್ಲದ ಕಾರಣ ಅದರಡಿ ನಿಂಬೆಹಣ್ಣು ಇಟ್ಟು ಮುಂದಕ್ಕೆ ತಳ್ಳುವುದನ್ನು ನಿಷೇಧಿಸಿದೆ.

7. ಶ್ರೀಮತಿ ಮಂಜುಷಾ ಅವರ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಕಮಲಾಪುರಕ್ಕೆ ಹೊಸ ಮೌಸ್ ಒಂದನ್ನು ಮಂಜೂರು ಮಾಡಿದೆ. ಅವರು ಕೇಳಿದ್ದು ಅರ್ಜಿ ಕಳಿಸಲು ಇನ್ನೊಂದು ಅವಕಾಶ, ಮೌಸ್ ಅಲ್ಲ. ಆದರೂ ಅದನ್ನು ಅವರ ಹೆಸರಿಗೇ ನೀಡಿರುವುದರಿಂದ, ಅದು ಸವೆದು ನಿರುಪಯೋಗಿಯೆಂದು ಘೋಷಣೆಯಾಗುವವರೆಗೆ ಅವರು ಕಮಲಾಪುರ ಬಿಡುವಂತಿಲ್ಲ. ಬೇಗ ಸವೆಸುವ ಪ್ರಯತ್ನ ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

ಸಹಿ/-
(ದೇವೀಂದ್ರಪ್ಪ)
ಅಧೀಕ್ಷಕರು, ತನಿಖಾಧಿಕಾರಿ ಹಾಗೂ ಪ್ರತ್ಯಕ್ಷದರ್ಶಿ

ಪ್ರತಿಗಳು:
1. ಶ್ರೀ ದೌಲಪ್ಪ, ನಗದೆ ಓದಿ ಸಹಿ ಹಾಕಲು.
2. ಸೂಚನಾ ಫಲಕ, ಹಳೆಯ ಸುತ್ತೋಲೆಗಳ ಮೇಲೆ ಅಂಟಿಸಲು.
3. ಶ್ರೀಮತಿ ಮಂಜುಷಾ, ಬಸ್ಸಿನಲ್ಲಿ ಓದಿಕೊಳ್ಳಲು.

ಅಡಕ: ನಷ್ಟದ ವಿವರ.
ಲ್ಯಾಪ್‌ಟಾಪ್: ಇಲ್ಲ.
ಕಡತ: ಇಲ್ಲ.
ವಿಭೂತಿ: ಒಂದು ಚಿಟಿಕೆ.
ವರ್ಗಾವಣೆ: ಒಂದು.