ಕೆರೆ ತೂಬಿನ ಬೀಗದ ಸನ್ನಿಧಾನಕ್ಕೆ

ಹುಣಸೆಕಟ್ಟೆಹಳ್ಳಿ,
ಚನ್ನರಾಯಪಟ್ಟಣ ಹೋಬಳಿ, ದೇವನಹಳ್ಳಿ ತಾಲ್ಲೂಕು.
೧೯೭೩ನೇ ನವೆಂಬರ್ ೨೬, ಸೋಮವಾರ

ಉಕ್ಕಿನ ಮೈಯನ್ನೂ ಹಿತ್ತಾಳೆಯ ಎದೆಯನ್ನೂ ಪಡೆದು ಬಂದವರೂ, ಏಳು ತಿಂಗಳ ಕಾಲ ಬಿಸಿಲು ಮಳೆಯೆನ್ನದೆ ನಮ್ಮೂರ ಕೆರೆಯ ತೂಬಿಗೆ ನೇತುಬಿದ್ದು ಸರ್ಕಾರದ ಸೇವೆ ಸಲ್ಲಿಸಿದವರೂ, ಸದ್ಯ ನನ್ನ ಮೇಜಿನ ಮೇಲೆ ಎರಡು ತುಂಡಾಗಿ ವಿಶ್ರಾಂತಿ ಪಡೆಯುತ್ತಿರುವವರೂ ಆದ ಬೀಗ ಮಹಾಶಯರಿಗೆ, ನಿವೃತ್ತ ಹೆಡ್‌ಮಾಸ್ಟರ್ ವೆಂಕಟರಮಣಪ್ಪನು ಎರಡೂ ಕೈ ಜೋಡಿಸಿ ಮಾಡುವ ವಿಜ್ಞಾಪನೆ.

ಮಾನ್ಯರೇ,

ಈ ಪತ್ರ ನ್ಯಾಯವಾಗಿ ತಮ್ಮ ಇಲಾಖೆಯ ಹಿರಿಯರಿಗೆ ಸಲ್ಲಬೇಕಾದದ್ದು. ಆದರೆ ಈ ಒಂದೇ ವರ್ಷದಲ್ಲಿ ಅವರಿಗೆ ಬರೆದ ಒಂಬತ್ತು ಪತ್ರಗಳಲ್ಲಿ ಎಂಟಕ್ಕೆ ಉತ್ತರವೇ ಬರಲಿಲ್ಲ, ಒಂಬತ್ತನೆಯದಕ್ಕೆ ಬಂದ ಉತ್ತರವನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಮೌನವೇ ಅಧಿಕಾರದ ಲಕ್ಷಣವಾದರೆ ತಮಗಿಂತ ದೊಡ್ಡ ಅಧಿಕಾರಿ ಯಾರಿದ್ದಾರೆ ಎಂದು ಯೋಚಿಸಿ ನೇರವಾಗಿ ತಮಗೇ ಬರೆಯಲು ಕುಳಿತಿದ್ದೇನೆ, ಪತ್ರಿಕೆಯವರು ದೊಡ್ಡ ಮನಸ್ಸು ಮಾಡಿ ಅಚ್ಚು ಹಾಕಿದರೆ ಇಲಾಖೆಯವರೂ ಬಿಡುವಾದಾಗ ಓದಿಕೊಳ್ಳಲಿ.

ನಾನು ಸರ್ಕಾರದ ಶತ್ರುವಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಮೂವತ್ತೊಂದು ವರ್ಷ ಸರ್ಕಾರದ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟು ಈಗ ಸರ್ಕಾರದ ಪಿಂಚಣಿಯಲ್ಲಿ ಊಟ ಮಾಡುತ್ತಿರುವವನು ನಾನು. ಕೆರೆಯ ಕೆಳಗೆ ಏರಿಗೆ ತಾಗಿದಂತೆ ಒಂದೂವರೆ ಎಕರೆ ಗದ್ದೆಯಿದೆ, ಮನೆಯಲ್ಲಿ ಅನುಸೂಯಮ್ಮ ಎಂಬ ಧರ್ಮಪತ್ನಿಯಿದ್ದಾಳೆ, ಇವೆರಡನ್ನೂ ಇಂದಿನವರೆಗೆ ಯಾವ ಇಲಾಖೆಯೂ ವಹಿಸಿಕೊಂಡಿಲ್ಲ.

ತಾವು ದಯಮಾಡಿಸುವ ಮುಂಚೆ ನಮ್ಮ ಕೆರೆಯಲ್ಲಿದ್ದ ವ್ಯವಸ್ಥೆ ಎಷ್ಟು ಹಿಂದುಳಿದದ್ದೆಂದರೆ, ಹೇಳಲು ನಾಚಿಕೆಯಾಗುತ್ತದೆ. ನೀರೊಳಗೆ ಎರಡು ಕಲ್ಲುಕಂಬ, ಅವುಗಳ ಬುಡದಲ್ಲಿ ತೂಬಿನ ಕಣ್ಣು, ಆ ಕಣ್ಣಿಗೆ ಉದ್ದನೆಯ ಗಳುವಿಗೆ ಕಟ್ಟಿದ ಒಂದು ಮರದ ಬಿರಡೆ, ಇಷ್ಟೇ. ಬಿರಡೆ ಎತ್ತಿ ಇಳಿಸುವ ಕೆಲಸ ನೀರುಗಂಟಿ ಆವಲಪ್ಪನದು, ಅವನಿಗಿಂತ ಮುಂಚೆ ಅವನ ತಂದೆಯದು, ಅದಕ್ಕೂ ಮುಂಚೆ ಅವನ ತಾತನದು. ಅವನಿಗೆ ನೇಮಕಾತಿ ಪತ್ರವಿರಲಿಲ್ಲ, ದರ್ಜೆಯಿರಲಿಲ್ಲ, ವರ್ಗಾವಣೆಯ ಭಯವಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಗದ್ದೆಯವರೂ ಅವನಿಗೊಂದು ಹೊರೆ ಭತ್ತದ ತೆನೆ ಕೊಡುತ್ತಿದ್ದರು, ಅವನು ವರ್ಷವಿಡೀ ಎಲ್ಲರ ಬೈಗುಳವನ್ನೂ ಕೇಳಿಕೊಂಡು ತನಗೆ ಸರಿ ಕಂಡಂತೆ ನೀರು ಬಿಡುತ್ತಿದ್ದ. ಕಟ್ಟಳೆ ಒಂದೇ: ನೀರು ಮೊದಲು ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆ ಮುಟ್ಟಬೇಕು, ಆಮೇಲೆ ಹಿಂದಕ್ಕೆ ಬರಬೇಕು. ಕಟ್ಟಕಡೆಯ ಗದ್ದೆ ಗಂಡನಿಲ್ಲದ ಮಾರಕ್ಕನದು, ಏರಿಯ ಪಕ್ಕದ್ದು ನನ್ನಂಥ ನಾಲ್ಕು ಜನ ತಿಳಿದವರದು. ಹೀಗೆ ಮಾರಕ್ಕನ ಗದ್ದೆ ನೆನೆಯುವ ತನಕ ತಿಳಿದವರು ಬಾಯಿ ಮುಚ್ಚಿಕೊಂಡು ಕಾಯಬೇಕಾಗಿತ್ತು. ಇದನ್ನು ಯಾವ ಶಾಸನಸಭೆಯೂ ಚರ್ಚಿಸಿರಲಿಲ್ಲ, ಆದ್ದರಿಂದಲೇ ಏನೋ ಯಾರೂ ತಿದ್ದುಪಡಿ ತಂದಿರಲಿಲ್ಲ.

ಇಂಥ ಕತ್ತಲೆಯಿಂದ ನಮ್ಮನ್ನು ಪಾರು ಮಾಡಿದ ಮಹಾನುಭಾವನು ಯಾರೆಂದು ತಾವು ಕೇಳಬಹುದು. ನಾನೇ. ಆರು ವರ್ಷದ ಹಿಂದೆ ನನ್ನ ಪಕ್ಕದ ಗದ್ದೆಯ ಅಪ್ಪಯ್ಯಣ್ಣನಿಗೆ ಆವಲಪ್ಪ ಒಂದು ಸರದಿ ನೀರು ಹೆಚ್ಚಿಗೆ ಬಿಟ್ಟನೆಂದು ನನ್ನ ಮೈ ಉರಿದುಹೋಯಿತು. ಅಪ್ಪಯ್ಯಣ್ಣನ ಮಣ್ಣು ಮರಳು, ನೀರು ನಿಲ್ಲುವುದಿಲ್ಲ ಎಂಬ ಕಾರಣ ನನಗೆ ಗೊತ್ತಿತ್ತು, ಗೊತ್ತಿದ್ದರೂ ಉರಿಯಿತು. ಆವಲಪ್ಪನನ್ನು ಕರೆದು ಎರಡು ಮಾತು ಬೈದು ಮುಗಿಸಬಹುದಾಗಿದ್ದ ವಿಷಯಕ್ಕೆ ನಾನು ದುಂಡಗಿನ ಅಕ್ಷರದಲ್ಲಿ ನಾಲ್ಕು ಪುಟದ ಅರ್ಜಿ ಬರೆದು, "ಘನ ಸರ್ಕಾರವು ಕೂಡಲೇ ಮಧ್ಯೆ ಪ್ರವೇಶಿಸಿ" ಎಂಬ ಮಾತಿಗೆ ಎರಡು ಗೆರೆ ಎಳೆದು ಕಳಿಸಿದೆ. ಘನ ಸರ್ಕಾರ ಪ್ರವೇಶಿಸಲು ಆರು ವರ್ಷ ತೆಗೆದುಕೊಂಡಿತು. ಅಷ್ಟರಲ್ಲಿ ಅಪ್ಪಯ್ಯಣ್ಣನೂ ನಾನೂ ರಾಜಿಯಾಗಿ ಒಂದೇ ಗಾಡಿಯಲ್ಲಿ ಸಂತೆಗೆ ಹೋಗಿಬರುತ್ತಿದ್ದೆವು. ಜಗಳ ತೀರಿದೆ, ತಾವು ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಇನ್ನೊಂದು ಅರ್ಜಿ ಕೊಟ್ಟೆವು. ಕರೆದರೆ ಇಂದಲ್ಲ ನಾಳೆ ಬರುವುದು ಸರ್ಕಾರದ ದೊಡ್ಡಗುಣ, ಬೇಡವೆಂದರೆ ಹಿಂದಿರುಗುವ ಅಭ್ಯಾಸ ಮಾತ್ರ ಅದಕ್ಕಿನ್ನೂ ಆಗಿಲ್ಲವೆಂದು ಆಗ ತಿಳಿಯಿತು.

ಕಳೆದ ಏಪ್ರಿಲ್‌ನಲ್ಲಿ ಕಲ್ಲುಕಂಬ ಕಿತ್ತರು. ಬಿರಡೆಯ ಬದಲು ಕಬ್ಬಿಣದ ಬಾಗಿಲು ಬಂತು, ಬಾಗಿಲು ಎತ್ತಲು ಚಕ್ರ, ಚಕ್ರಕ್ಕೆ ಸರಪಳಿ, ಸರಪಳಿಗೆ ತಾವು. ತಮ್ಮ ಬೀಗದ ಕೈ ಮಾತ್ರ ಹನ್ನೆರಡು ಮೈಲಿ ದೂರದ ಕಚೇರಿಯ ಬೀರುವಿನಲ್ಲಿ. ನೀರು ಬೇಕಾದವರು ಮೂರು ಪ್ರತಿ ಅರ್ಜಿ ಕೊಟ್ಟರೆ ಓವರ್‌ಸಿಯರ್ ಸಾಹೇಬರು ಸ್ಥಳ ಪರಿಶೀಲಿಸಿ, ಪೈರಿಗೆ ಬಾಯಾರಿಕೆಯಾಗಿರುವುದು ನಿಜವೆಂದು ಮನವರಿಕೆಯಾದ ಮೇಲೆ ಕೈ ತರುತ್ತಾರೆ. ಆಗಸ್ಟ್‌ನಲ್ಲಿ ನಾಟಿಗೆ ನೀರು ಕೇಳಿದಾಗ ಸಾಹೇಬರು ಬಂದದ್ದು ಜೋರುಮಳೆ ಸುರಿಯುವ ದಿನ, ಕೊಡೆ ಹಿಡಿದು ನಿಂತು ನಮಗೆ ನೀರು ಮಂಜೂರು ಮಾಡಿ ಹೋದರು. ಅವರ ಕರ್ತವ್ಯನಿಷ್ಠೆಗೆ ನಾವೆಲ್ಲ ತಲೆದೂಗಿದೆವು.

ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಅಳಿಯ ನರಸಿಂಹಯ್ಯನ ಮಾತನ್ನೂ ಇಲ್ಲಿ ಹೇಳದಿದ್ದರೆ ಪಕ್ಷಪಾತವಾದೀತು. ಹಬ್ಬಕ್ಕೆ ಬಂದವನು ತಮ್ಮನ್ನು ಕಂಡು ಬಹಳ ಸಂತೋಷಪಟ್ಟ. "ಕೆರೆ ಅನ್ನೋದು ಜನಗಳ ಸೊತ್ತು ಮಾವ, ಸರ್ಕಾರ ಅಂದ್ರೇನೇ ಜನ. ನೀವ್ ನೋಡಿದ್ರೆ ಪೂರಾ ಪ್ರತಿಗಾಮಿ ಆಗ್ಬಿಟ್ಟಿದ್ದೀರಿ" ಎಂದ. ನಾನು ಆ ಬಿರುದನ್ನು ಸ್ವೀಕರಿಸಿದೆ. ನನ್ನ ಸಿದ್ಧಾಂತ ಸಣ್ಣದು: ಕಳ್ಳನನ್ನು ಹಿಡಿಯಲು, ರಸ್ತೆ ಹಾಕಲು, ಪ್ಲೇಗು ಬಂದರೆ ಸೂಜಿ ಚುಚ್ಚಲು ಸರ್ಕಾರ ಬೇಕೇ ಬೇಕು, ಊರವರು ತಾವೇ ಮಾಡಿಕೊಳ್ಳಬಲ್ಲ ಕೆಲಸಕ್ಕೆ ಅದು ಬೇಡ, ಮತ್ತು ಮೂರು ತಲೆಮಾರಿನಿಂದ ನಡೆದುಬಂದದ್ದನ್ನು ಕೀಳುವ ಮುಂಚೆ ಅದು ಏಕೆ ಇತ್ತೆಂದು ಒಮ್ಮೆಯಾದರೂ ಕೇಳಬೇಕು. ರೇಡಿಯೋ ಕೇಳಲು ಲೈಸೆನ್ಸು, ಭತ್ತ ಸಾಗಿಸಲು ಪರ್ಮಿಟ್ಟು, ಸೀಮೆಎಣ್ಣೆಗೆ ಕಾರ್ಡು. ಇದೇ ಅಳಿಯನ ಮದುವೆಯಲ್ಲಿ ಲಾಡಿನ ಸಕ್ಕರೆಗೆ ಸಾಹೇಬರ ಸಹಿಗಾಗಿ ನಾನು ಮೂರು ದಿನ ಅಲೆದಿದ್ದೆ, ವರನಿಗೆ ಮಾತ್ರ ಪರ್ಮಿಟ್ಟು ಬೇಕಾಗಿರಲಿಲ್ಲ. ಇದನ್ನೆಲ್ಲ ಹೇಳಿ ಗೆದ್ದೆನೆಂದು ಬೀಗುವಷ್ಟರಲ್ಲಿ ಅವನು, "ಆಯ್ತು ಮಾವ, ನಿಮ್ಮ ಹಳೇ ಕಾಲ ಅಷ್ಟು ಚೆಂದಾಗಿದ್ರೆ ಆವಲಪ್ಪನ್ನ ಒಂದ್ ದಿನಾನಾದ್ರೂ ಜಗಲಿ ಮೇಲೆ ಕೂರ್ಸಿದ್ದೀರಾ?" ಎಂದುಬಿಟ್ಟ. ಮಾರನೆಯ ದಿನದಿಂದ ಆವಲಪ್ಪ ನಮ್ಮ ಜಗಲಿಯ ಮೇಲೆಯೇ ಕೂರುತ್ತಾನೆ. ಇದು ಯಾವ ಆದೇಶದಿಂದಲೂ ಆದದ್ದಲ್ಲ, ಅಳಿಯನ ಎದುರು ತಲೆ ತಗ್ಗಿಸಿದ್ದರಿಂದ ಆದದ್ದು.

ಇನ್ನು ತಮ್ಮ ಗಂಟಲಿನ ವಿಚಾರ. ಕೆರೆ ತುಂಬಿದ ವರ್ಷ ಊರ ಹೆಂಗಸರು ಗಂಗೆಪೂಜೆ ಮಾಡಿ ತೂಬಿನ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ತಂಬಿಟ್ಟು ನೈವೇದ್ಯ ಮಾಡುವುದು ನಮ್ಮಲ್ಲಿ ಲಾಗಾಯ್ತಿನಿಂದ ಇರುವ ಪದ್ಧತಿ. ಅಕ್ಟೋಬರ್ ಮೊದಲ ವಾರ ಕೆರೆ ಕೋಡಿ ಬಿತ್ತು. ಅನುಸೂಯಮ್ಮನೂ ಮಾರಕ್ಕನೂ ಇನ್ನುಳಿದವರೂ ಆರತಿ ಹೊತ್ತು ಹೋದರೆ ಅಲ್ಲಿ ಕಲ್ಲೂ ಇಲ್ಲ, ಕಂಬವೂ ಇಲ್ಲ, ತಾವೊಬ್ಬರೇ ಮಹಾರಾಜರಂತೆ ನೇತಾಡುತ್ತಿದ್ದಿರಿ. ತೂಬಿನ ದೇವರು ಈಗ ಇದೇ ಇರಬೇಕೆಂದು ತಮಗೆ ಹರಳೆಣ್ಣೆ ಸವರಿ, ಕುಂಕುಮವಿಟ್ಟು, ಹೂವು ಮುಡಿಸಿದರು. "ಬಾಯಿ ಐತಲ್ಲ ಕಣಕ್ಕ, ಬರೇ ಬಾಯಲ್ಲಿ ಕಳ್ಸೋದಾ?" ಎಂದು ಮಾರಕ್ಕ ಕೇಳಿದಳಂತೆ. ಹಾಗಾಗಿ ತಮ್ಮ ಬೀಗದ ಕೈ ಹೋಗುವ ಕಿಂಡಿಗೆ ತಂಬಿಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿನ್ನಿಸಿದರು. ಹನ್ನೊಂದು ಮನೆಯ ತಂಬಿಟ್ಟು, ಹಳೇ ಬೆಲ್ಲ, ಹದವಾದ ಪಾಕ. ಇಷ್ಟು ಪ್ರೀತಿಯಿಂದ ಯಾವ ಸರ್ಕಾರಿ ನೌಕರನಿಗೂ ಈ ತಾಲ್ಲೂಕಿನಲ್ಲಿ ಊಟ ಬಡಿಸಿದ್ದಿಲ್ಲ.

ನವೆಂಬರ್ ಹೊತ್ತಿಗೆ ಮಳೆ ಹಿಂದೆಗೆಯಿತು, ಭತ್ತ ತೆನೆಗಟ್ಟಿತು. ಕಾಳಿನಲ್ಲಿ ಹಾಲು ತುಂಬುವ ಆ ಹದಿನೈದು ದಿನ ಗದ್ದೆಗೆ ನೀರಿಲ್ಲದಿದ್ದರೆ ಕಣಕ್ಕೆ ಬರುವುದು ಬರೀ ಜೊಳ್ಳು. ಕೆರೆಯ ತುಂಬ ನೀರಿತ್ತು, ಕೆಳಗೆ ಗದ್ದೆ ಬಿರುಕು ಬಿಡುತ್ತಿತ್ತು, ನಡುವೆ ತಾವಿದ್ದಿರಿ. ಅಕ್ಟೋಬರ್ ಮೂವತ್ತರಂದು ನಾನು ಬರೆದ ಒಂಬತ್ತನೆಯ ಪತ್ರ ಎಂಟು ದಿನದ ಮೇಲೆ ನನಗೇ ವಾಪಸು ಬಂತು. ತಲೆಬರಹದಲ್ಲಿ "ಮೈಸೂರು ಸರ್ಕಾರ" ಎಂದಿದೆ, ನವೆಂಬರ್ ಒಂದರಿಂದ ಅಂಥ ಸರ್ಕಾರವಿಲ್ಲ, ಕರ್ನಾಟಕ ಸರ್ಕಾರಕ್ಕೆ ಹೊಸದಾಗಿ ಅರ್ಜಿ ಸಲ್ಲಿಸುವುದು ಎಂಬ ಷರಾ. ಸರ್ಕಾರದ ಹೆಸರು ಬದಲಾದದ್ದು ಭತ್ತಕ್ಕೆ ತಿಳಿಯದೆ ಅದು ಒಣಗುತ್ತಲೇ ಇತ್ತು. ಹೊಸ ಅರ್ಜಿ ಹೋಗಿ, ಓವರ್‌ಸಿಯರ್ ಸಾಹೇಬರು ಬಂದು, ಬೀಗದ ಕೈ ಹಾಕಿದರೆ ಅದು ಅರ್ಧಕ್ಕೇ ನಿಂತಿತು. ಬೆಲ್ಲದ ಪಾಕ ಒಳಗೆ ಕಲ್ಲಾಗಿತ್ತು, ಇರುವೆಗಳು ಸಾಲಾಗಿ ಹೊರಬಂದವು. ಹೆಂಗಸರು ತಾವೇ ತಿನ್ನಿಸಿದ್ದೆಂದು ಸತ್ಯವನ್ನೇ ಹೇಳಿದರು, ನೈವೇದ್ಯಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಒಡೆಯಲು ಮೇಲಿನವರ ಅನುಮತಿ ಬೇಕು, ಆರು ವಾರವಾಗಬಹುದೆಂದು ಹೇಳಿ ಸಾಹೇಬರು ಹೊರಟುಹೋದರು.

ಮುಂದಿನ ವಾರ ಆವಲಪ್ಪ ಒಗೆದ ಅಂಗಿ ತೊಟ್ಟು ನಮ್ಮ ಜಗಲಿಗೆ ಬಂದ. ಕೈಯಲ್ಲೊಂದು ಸರ್ಕಾರಿ ಲಕೋಟೆ, ಮುಖದಲ್ಲಿ ಮದುಮಗನ ಕಳೆ. "ಓದೇಳಿ ಮೇಷ್ಟ್ರೇ, ಸರ್ಕಾರದೋರು ನಂಗೂ ಒಂದ್ ಕಾಗ್ದ ಬರ್ದವ್ರೆ. ತೂಬಿನ್ ಕೆಲ್ಸಕ್ಕೆ ತಿರ್ಗಾ ಕರ್ದಿರ್ಬೇಕು" ಎಂದ. ಅರವತ್ತೆರಡು ವರ್ಷಕ್ಕೆ ಅವನ ಹೆಸರಿಗೆ ಬಂದ ಮೊದಲ ಪತ್ರ ಅದು. ಸರ್ಕಾರಿ ಸ್ವತ್ತಿನಲ್ಲಿ ದುರುದ್ದೇಶದಿಂದ ಅನ್ಯವಸ್ತು ತುರುಕಿದ ಆರೋಪ ನಿನ್ನ ಮೇಲಿದೆ, ಡಿಸೆಂಬರ್ ಮೂರರಂದು ವಿಚಾರಣೆಗೆ ಹಾಜರಾಗತಕ್ಕದ್ದು ಎಂದಿತ್ತು. ಹಿಂದೆ ತೂಬು ನೋಡಿಕೊಳ್ಳುತ್ತಿದ್ದವನು, ಹೊಟ್ಟೆಕಿಚ್ಚಿಗೆ ಮಾಡಿರುತ್ತಾನೆ ಎಂಬುದು ಅವರ ತರ್ಕ. ನಾನು ಎರಡು ಸಲ ಕಣ್ಣಲ್ಲೇ ಓದಿಕೊಂಡೆ, ಬಾಯಿಬಿಟ್ಟು ಓದಲು ಆಗಲಿಲ್ಲ. ಅವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಲಕೋಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಬೀಗ ಮಹಾಶಯರೇ, ಹಿತ್ತಲಿನಿಂದ ಹಾರೆ ತಂದವನು ನಾನು. ಮೊನ್ನೆ ಗುರುವಾರ ಬೆಳಿಗ್ಗೆ ಹತ್ತೂವರೆ ಗಂಟೆಗೆ, ಕಚೇರಿಗಳು ತೆರೆಯುವ ವೇಳೆಯಲ್ಲೇ, ಊರವರ ಎದುರಿಗೆ ತಮ್ಮನ್ನು ಒಡೆದವನೂ ನಾನು. ಬದುಕಿನಲ್ಲಿ ಶಾಲೆಯ ಸೀಮೆಸುಣ್ಣವನ್ನೂ ಮನೆಗೆ ತಂದವನಲ್ಲ. ಆವಲಪ್ಪ ಓಡಿ ಬಂದು, "ಬ್ಯಾಡಿ ಮೇಷ್ಟ್ರೇ, ಪಿಂಚಣಿ ನಿಂತೋಗ್ತದೆ!" ಎಂದು ನನ್ನ ತೋಳು ಹಿಡಿದ. ಎರಡು ಏಟಿಗೆ ತಾವು ಜಗ್ಗಲಿಲ್ಲ, ಮೂರನೆಯದಕ್ಕೆ ದಯೆ ತೋರಿದಿರಿ. ಚಕ್ರ ತಿರುಗಿಸಲು ನನಗೆ ಬರಲಿಲ್ಲ, ಅವನೇ ತಿರುಗಿಸಿದ. ನೀರು ಸೀದಾ ಮಾರಕ್ಕನ ಗದ್ದೆಗೆ ಹೋಯಿತು. ನನ್ನ ಗದ್ದೆಯ ಸರದಿ ಬರುವಷ್ಟರಲ್ಲಿ ನಾಲ್ಕು ದಿನವಾಗಿ ಅರ್ಧ ಪೈರು ಜೊಳ್ಳಾಗಿದೆ, ನನಗೆ ಒಂದಿಷ್ಟು ಹೊಟ್ಟೆ ಉರಿದದ್ದೂ ನಿಜ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಡಿಸೆಂಬರ್ ಮೂರರಂದು ತಾವು ಎರಡೂ ತುಂಡಿನ ಸಮೇತ ಖುದ್ದಾಗಿ ಹಾಜರಾಗಿ, ಬಾಯಲ್ಲಿರುವ ತಂಬಿಟ್ಟು ನುಂಗಿಕೊಂಡು, ಆವಲಪ್ಪನು ತಮ್ಮನ್ನು ಒಂದು ಬೆರಳಿನಿಂದಲೂ ಮುಟ್ಟಿಲ್ಲವೆಂದು ಸಾಕ್ಷಿ ನುಡಿಯಬೇಕು. ಅದು ಸೇವಾ ನಿಯಮಕ್ಕೆ ವಿರುದ್ಧವೆಂದಾದರೆ ಈ ಪತ್ರವನ್ನೇ ನನ್ನ ತಪ್ಪೊಪ್ಪಿಗೆಯೆಂದು ಕಡತಕ್ಕೆ ಸೇರಿಸಿ ಅವನ ಹೆಸರಿದ್ದಲ್ಲಿ ನನ್ನ ಹೆಸರು ಬರೆಸಬೇಕು. ಜೊತೆಗೆ, ಸರ್ಕಾರಕ್ಕೂ ನಮಗೂ ಪರಸ್ಪರ ವಿಶ್ವಾಸ ಬೆಳೆಯಲೆಂದು, ವಿಧಾನಸೌಧದ ಕುಡಿಯುವ ನೀರಿನ ನಲ್ಲಿಗಳಿಗೆ ಒಂದೇ ಒಂದು ವಾರ ತಮ್ಮ ಬಂಧುಗಳನ್ನು ಹಾಕಿಸಿ, ಬೀಗದ ಕೈಗಳನ್ನು ಆವಲಪ್ಪನ ಉಡಿದಾರಕ್ಕೆ ಕಟ್ಟಿಸಿಕೊಡಬೇಕು. ಅಲ್ಲಿನವರು ಹೆದರಬೇಕಾದ್ದಿಲ್ಲ. ಅವನು ಅರ್ಜಿ ಕೇಳುವವನಲ್ಲ, ಬಾಯಾರಿದೆ ಎಂದರೆ ಎದ್ದುಹೋಗಿ ತೆಗೆದುಕೊಡುತ್ತಾನೆ, ಮೊದಲು ಜವಾನರಿಗೆ, ಕಡೆಯಲ್ಲಿ ಮಂತ್ರಿಗಳಿಗೆ.

ತಮ್ಮನ್ನು ಮುರಿದರೂ ತಮ್ಮ ಮೇಲೆ ಮುನಿಸಿಲ್ಲದ,
ತಮ್ಮ ವಿಶ್ವಾಸಿ,
ಎಂ. ವೆಂಕಟರಮಣಪ್ಪ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಇಲಾಖೆಯವರು ಬಂದು ತಮ್ಮ ಎರಡರಷ್ಟು ಗಾತ್ರದ ಹೊಸ ಬೀಗ ಹಾಕಿ ಹೋದರು. ಆವಲಪ್ಪ ಅದನ್ನು ಬಹಳ ಹೊತ್ತು ನೋಡಿ, "ಮೇಷ್ಟ್ರೇ, ಕೆರೇನ ಯಾರಾನಾ ಕದ್ಕೊಂಡ್ ಹೋಗಕ್ಕಾಗ್ತದಾ?" ಎಂದು ಕೇಳಿದ. ಅಯ್ಯೋ ಹುಚ್ಚ, ಅದು ಹೇಗೆ ಸಾಧ್ಯ ಎಂದು ನಕ್ಕುಬಿಟ್ಟೆ, ಆಮೇಲೆ ನನಗೇ ಅನುಮಾನ ಹತ್ತಿತು. ಇಲಾಖೆಯ ಮನಸ್ಸಿನಲ್ಲಿ ಅಂಥದ್ದೇನಾದರೂ ಇದ್ದರೆ ನಾಲ್ಕು ದಿನ ಮುಂಚಿತವಾಗಿ ತಿಳಿಸುವ ಕೃಪೆ ಮಾಡಬೇಕು. ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಿರುತ್ತಾರೆ, ಮನೆಗೆ ಕರೆಸಿಕೊಳ್ಳುತ್ತೇವೆ.