ಸೋಮವಾರ ಹೂಡದ ಕಾರು

ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡಬಲ್ಲವರು ಈ ಲೋಕದಲ್ಲಿ ಇದ್ದಾರೆ. ಎಲೆ ಅಡಿಕೆ ಮೆಲ್ಲುತ್ತ ವ್ಯಾಪಾರ ಮಾತಾಡುವವರು, ರೊಟ್ಟಿ ಬಡಿಯುತ್ತ ಜಗಳ ಆಡುವವರು, ತೂಕಡಿಸುತ್ತ ಪುರಾಣ ಕೇಳುವವರು, ಇವರೆಲ್ಲರನ್ನೂ ನಾನು ದೂರದಿಂದಲೇ ಗೌರವಿಸುತ್ತ ಬಂದಿದ್ದೇನೆ. ನಾನು ಆ ಪಂಗಡದವನಲ್ಲ. ಚಹಾ ಕುಡಿಯುವಾಗ ಯಾರಾದರೂ ಹೆಸರು ಹಿಡಿದು ಕರೆದರೆ ನನ್ನ ಬಸಿಯಲ್ಲಿನ ಚಹಾ ಧೋತರದ ಪಾಲಾಗುತ್ತದೆ. ಇಂಥ ಮನುಷ್ಯನನ್ನು ಹಿಡಿದು ಕಾರಿನಲ್ಲಿ ಕೂರಿಸಿ ಓಡಿಸು ಅಂದರು. ದೇವರು ಮನುಷ್ಯನಿಗೆ ಕೊಟ್ಟದ್ದು ಎರಡು ಕಾಲು. ಕಾರು ಮಾಡಿದವನು ಇಟ್ಟದ್ದು ಮೂರು ಪೆಡಲು. ಈ ಇಬ್ಬರೂ ಮೊದಲೇ ಒಂದು ಸಲ ಕೂತು ಮಾತಾಡಿಕೊಂಡಿದ್ದರೆ ನನ್ನ ತಾರುಣ್ಯದ ಎರಡು ತಿಂಗಳು ಉಳಿಯುತ್ತಿದ್ದವು.

ಇದು ಎರಡನೆಯ ಮಹಾಯುದ್ಧಕ್ಕೂ ಮೊದಲಿನ ಮಾತು. ಗೋಕಾಕದಲ್ಲಿ ನಮ್ಮದು ಬೆಲ್ಲ, ಹತ್ತಿಯ ಅಂಗಡಿ. ಮ್ಯಾಟ್ರಿಕ್ ಮುಗಿಸಿದ ನಾನು ಗಾದಿಯ ಮೇಲೆ ಅಪ್ಪನ ಪಕ್ಕ ಕೂತು ದೊಡ್ಡವನಾಗುತ್ತಿದ್ದೆ. ಅಪ್ಪ ಬೆಳಗಾವಿಯಿಂದ ಹಳೆಯ ಕಾರೊಂದನ್ನು ತಂದರು. ಬಟ್ಟೆಯ ಹುಡ್, ಹಿತ್ತಾಳೆಯ ದೀಪ, ಬಾತುಕೋಳಿಯಂತೆ ಕೂಗುವ ರಬ್ಬರಿನ ಹಾರ್ನ್. ಊರಿನವರು ಅದನ್ನು ಶ್ರೀಮಂತಿಕೆಯ ಲಕ್ಷಣ ಅಂದುಕೊಂಡರು. ಮನೆಯವರಿಗೆ ಮಾತ್ರ ನಿಜ ಗೊತ್ತಿತ್ತು. ನನ್ನ ಅಕ್ಕ ನೀಲಕ್ಕನನ್ನು ಹುಕ್ಕೇರಿಗೆ ಕೊಟ್ಟಿತ್ತು. ಹಿಂದಿನ ವರ್ಷ ಬಸುರಿಯಾಗಿದ್ದಾಗ ಎತ್ತಿನ ಚಕ್ಕಡಿಯಲ್ಲಿ ತವರಿಗೆ ಬರುವ ದಾರಿಯಲ್ಲಿ ಆಕೆಗೆ ಆದ ಸಂಕಟವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತೊಟ್ಟಿಲು ಅಟ್ಟದ ಮೇಲೆಯೇ ಉಳಿಯಿತು. ಈಗ ಮತ್ತೆ ಐದು ತಿಂಗಳು ತುಂಬುತ್ತ ಬಂದಿತ್ತು. ಸರ್ವೀಸ್ ಮೋಟಾರು ಅಂದರೆ ಆಗಿನ ಬಸ್ಸು; ಅದರಲ್ಲಿ ಜನರನ್ನು ಜೋಳದ ಚೀಲದಂತೆ ತುಂಬುತ್ತಿದ್ದರು. ಆದ್ದರಿಂದ ಕಾರು. ಅಪ್ಪ ಅಷ್ಟಕ್ಕೇ ನಿಲ್ಲದೆ ಹುಕ್ಕೇರಿಯ ಬೀಗರ ಪಡಸಾಲೆಯಲ್ಲಿ ಕೂತು, "ಈ ಸಲ ನನ್ನ ಮಗಾನ ಕಾರ್ ಹೊಡಕೊಂಡು ಬಂದು ಅಕ್ಕನ್ನ ಕರಕೊಂಡು ಹೋಗ್ತಾನ," ಎಂದು ಮಾತು ಕೊಟ್ಟು ಬಂದರು. ಅದಕ್ಕೆ ಅಕ್ಕನ ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರಂತೆ: "ಆತ ಕಲತು ಬರೂ ಹೊತ್ತಿಗೆ ಕೂಸು ಸಾಲಿಗೆ ಹೋಗ್ತಿರ್ತೈತಿ ಬಿಡ್ರಿ."

ಈ ಮಾತು ನನಗೆ ನಾಟಿತು. ಮೂಡಲಗಿಯಿಂದ ದಸ್ತಗೀರ ಕಾಕಾನನ್ನು ಕರೆಸಲಾಯಿತು. ಸರ್ವೀಸ್ ಮೋಟಾರನ್ನು ವರ್ಷಗಟ್ಟಲೆ ಓಡಿಸಿ, ಈಗ ಮೂಡಲಗಿಯಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದ, ಮೆಹಂದಿ ಹಚ್ಚಿದ ಗಡ್ಡದ ಗಂಭೀರ ಮನುಷ್ಯ ಅವನು. ನಮ್ಮ ಅಂಗಳದಲ್ಲಿ ಕಾರಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ನನ್ನನ್ನೂ ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿ, ಎರಡರಲ್ಲಿ ಯಾವುದರ ರಿಪೇರಿ ಹೆಚ್ಚು ಕಠಿಣ ಎಂದು ಲೆಕ್ಕ ಹಾಕುವವನಂತೆ ನಿಂತ. ಆಮೇಲೆ ಪಾಠ ಶುರುವಾಯಿತು. ಚಕ್ಕಡಿ ಹೊಡೆಯುವ ಮನೆತನದವನಿಗೆ ಚಕ್ಕಡಿಯ ಭಾಷೆಯಲ್ಲೇ ಹೇಳಬೇಕು ಎಂಬುದು ಅವನ ಕ್ರಮ. "ನೋಡ್ರಿ ಸಣ್ಣ ಸಾವ್ಕಾರ್ರ, ಈ ಗೇರಿನ ಕೋಲು ನಟ್ಟನಡುವ ನಿಂತ್ರ ಎತ್ತಿನ ಕೊಳ್ಳ ಬಿಚ್ಚಿದಂಗ. ಮುಂದ ಹಾಕಿದ್ರ ಹೂಡಿದಂಗ. ಕ್ಲಚ್ ಒತ್ತಿದ್ರ ಹಗ್ಗ ಜಗ್ಗಿ ನಿಂದರಿಸಿದಂಗ ಅಷ್ಟ, ನೊಗಾ ಹೆಗಲ ಮ್ಯಾಲ ಇದ್ದ ಇರ್ತೈತಿ." ನನಗೆ ಅರ್ಥವಾಯಿತೋ ಇಲ್ಲವೋ, ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ ಆಯಿಗೆ ಪೂರ್ತಿ ಅರ್ಥವಾಯಿತು.

ಆಯಿ ಅಂದರೆ ಅಪ್ಪನ ತಾಯಿ. ನಮ್ಮ ಮನೆಯ ಎತ್ತುಗಳು ಯಾವ ಹೊತ್ತಿಗೆ ನೀರು ಕುಡಿಯಬೇಕು, ಮಕ್ಕಳು ಯಾವ ಹೊತ್ತಿಗೆ ಉಣ್ಣಬೇಕು, ಅಪ್ಪ ಯಾವ ಹೊತ್ತಿಗೆ ಬಾಯಿ ಮುಚ್ಚಬೇಕು ಎಂಬುದೆಲ್ಲ ಆಕೆಯ ಆಡಳಿತಕ್ಕೆ ಸೇರಿದ್ದು. ಕಾರನ್ನು ಆಕೆ ಮೊದಲ ಎರಡು ದಿನ ಸಂಶಯದಿಂದಲೇ ನೋಡಿದಳು. ಮೂರನೆಯ ದಿನ ದಸ್ತಗೀರ ಕಾಕಾ ಬಾನೆಟ್ಟಿನ ಮೂತಿಯ ಮುಚ್ಚಳ ತೆಗೆದು ಎರಡು ಕೊಡ ನೀರು ಹೊಯ್ದ. ಅಲ್ಲಿಗೆ ಆಕೆಯ ಸಂಶಯ ಪರಿಹಾರವಾಯಿತು. ನೀರು ಕುಡಿಯುತ್ತದೆ ಅಂದಮೇಲೆ ಅದಕ್ಕೆ ಜೀವವಿದೆ. ಜೀವವಿದೆ ಅಂದಮೇಲೆ ದಣಿವಿದೆ. ದಣಿವಿದೆ ಅಂದಮೇಲೆ ಸೋಮವಾರದ ರಜೆ ಇರಲೇಬೇಕು. ನಮ್ಮ ಕಡೆಯ ಒಕ್ಕಲಿನವರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಆ ವಾರದಿಂದ ಸೋಮವಾರ ನಸುಕಿಗೆ ಕಾರಿಗೆ ಸ್ನಾನ, ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ, ದಿನವಿಡೀ ವಿಶ್ರಾಂತಿ. ಸಂಜೆಯಾದರೆ ಹ್ಯಾಂಡ್‌ಬ್ರೇಕನ್ನೂ ಆಕೆಯೇ ಹೋಗಿ ಸಡಿಲಿಸಿ ಬರುತ್ತಿದ್ದಳು. ರಾತ್ರಿಯೆಲ್ಲ ಬಿಗಿದು ಕಟ್ಟಿದರೆ ಕಾಲು ಹಿಡಿದುಕೊಳ್ಳುತ್ತವೆ ಎಂಬುದು ಆಕೆಯ ವಾದ. ಎದುರು ಮಾತಾಡುವ ಧೈರ್ಯವಿಲ್ಲದ ಅಪ್ಪ ನಾಲ್ಕೂ ಗಾಲಿಗೆ ಕಲ್ಲು ಇಡಿಸಿದರು.

ನನ್ನ ವಿದ್ಯಾಭ್ಯಾಸದ ಪ್ರಗತಿಯನ್ನು ಈಗ ಸಂಕ್ಷೇಪವಾಗಿ ನಿವೇದಿಸುತ್ತೇನೆ. ಹಾರ್ನ್ ಒಂದೇ ದಿನದಲ್ಲಿ ಬಂತು. ಬ್ರೇಕು ನಾಲ್ಕು ದಿನಕ್ಕೆ. ಕ್ಲಚ್ಚನ್ನು ಮೆಲ್ಲಗೆ ಬಿಡಲು ಕಲಿಯುವಷ್ಟರಲ್ಲಿ ಕಾರು ಅಂಗಳದಲ್ಲಿ ಕಪ್ಪೆಯಂತೆ ಎಷ್ಟು ಸಲ ನೆಗೆಯಿತೋ ಲೆಕ್ಕವಿಲ್ಲ. ಆದರೂ ಎರಡು ವಾರದಲ್ಲಿ ಮೊದಲನೆಯ ಗೇರಿನಲ್ಲಿ ನಾನು ಯಾವ ಸಾರ್ವಭೌಮನಿಗೂ ಕಡಿಮೆಯಿಲ್ಲದ ಗಾಂಭೀರ್ಯದಿಂದ ಸಾಗತೊಡಗಿದೆ. ಕಷ್ಟ ಇದ್ದದ್ದು ಎರಡನೆಯ ಗೇರಿನಲ್ಲಿ. ಅದನ್ನು ಹಾಕಬೇಕಾದರೆ ಎಡಗಾಲು ಒತ್ತಬೇಕು, ಬಲಗಾಲು ಎತ್ತಬೇಕು, ಕೋಲನ್ನು ನಡುವೆ ತಂದು ಮತ್ತೊಮ್ಮೆ ಒತ್ತಿ ಆಮೇಲೆ ಹಿಂದಕ್ಕೆ ಎಳೆಯಬೇಕು, ಇಷ್ಟೆಲ್ಲ ಆಗುವಾಗ ಕಣ್ಣು ಮಾತ್ರ ರಸ್ತೆಯ ಮೇಲೆಯೇ ಇರಬೇಕು. ನನಗೋ ಕೋಲನ್ನು ನೋಡದೆ ಹಿಡಿಯಲು ಬಾರದು. ನಾನು ಕೆಳಗೆ ನೋಡಿದೆನೆಂದರೆ ಕಾರು ತನ್ನ ಮನಸ್ಸಿಗೆ ಬಂದ ಕಡೆ ನೋಡುತ್ತಿತ್ತು. ಒಳಗೆ ಹಲ್ಲಿಗೆ ಹಲ್ಲು ಮಸೆದು ಒಂದು ಕಿರುಚಾಟ ಏಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಆಯಿ ಕಟ್ಟೆಯ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಮೇಲವಂಕಿಯ ದಾರಿಯಲ್ಲಿ ಹೀಗೆಯೇ ಎರಡನೆಯ ಗೇರನ್ನು ಹುಡುಕಿ ತಲೆಯೆತ್ತುವಷ್ಟರಲ್ಲಿ ನಾವು ಒಬ್ಬರ ಹೊಲದ ಮೇವಿನ ಬಣವೆಯೊಳಗೆ ಅರ್ಧ ಹೊಕ್ಕಿದ್ದೆವು. ಹೊಲದ ಯಜಮಾನರು ನಿಧಾನವಾಗಿ ಬಂದು, ಕಾರಿನ ಮೂತಿ ಜೋಳದ ಕಣಿಕೆಯಲ್ಲಿ ಹುಗಿದಿರುವುದನ್ನು ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಮೇಯಿಸಾಕ ಇಲ್ಲಿತನಾ ಹೊಡಕೊಂಡು ಬಂದ್ರೇನ್ರಿ? ಗೋಕಾಕದಾಗ ಮೇವಿಲ್ಲಾ?"

ದಸ್ತಗೀರ ಕಾಕಾ ದಾರಿಯುದ್ದಕ್ಕೂ ಗಡ್ಡದಲ್ಲಿ ಸಿಕ್ಕ ರವದಿಯ ಒಣಗರಿಗಳನ್ನು ಒಂದೊಂದಾಗಿ ತೆಗೆಯುತ್ತ ಕೂತ. ಮನೆಗೆ ಬಂದಮೇಲೆ ನಾನು ಅವನ ಕೈಹಿಡಿದು, ಎರಡನೆಯ ಗೇರಿನ ಸಂಗತಿ ನಮ್ಮಿಬ್ಬರಲ್ಲೇ ಇರಲಿ, ಅದರಲ್ಲೂ ಆಯಿಗೆ ತಿಳಿಯಬಾರದು ಎಂದು ಬೇಡಿಕೊಂಡೆ. ಅವನು ಆಗಲಿ ಅಂದ. ನಾನು ನಂಬಿದೆ.

ಅಷ್ಟರಲ್ಲಿ ಹುಕ್ಕೇರಿಯಿಂದ ಸುದ್ದಿ ಬಂತು. ಅಕ್ಕನನ್ನು ಕಳಿಸಲು ಅಯ್ಯನವರು ದಿನ ನೋಡಿಕೊಟ್ಟಿದ್ದರು: ಬರುವ ಸೋಮವಾರ. ಆ ದಿನ ತಪ್ಪಿದರೆ ಮುಂದೆ ಒಳ್ಳೆಯ ದಿನವಿಲ್ಲ, ತಿಂಗಳು ತುಂಬುತ್ತವೆ, ಆಮೇಲೆ ಪ್ರಯಾಣ ಸಲ್ಲ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ದಸ್ತಗೀರ ಕಾಕಾನಿಗೋ ಅದೇ ಸೋಮವಾರ ಮೂಡಲಗಿಯಲ್ಲಿ ತಂಗಿಯ ಮಗಳ ಮದುವೆ. ಹಿಂದಿನ ದಿನ, ಐತವಾರ, ನನ್ನ ಜೊತೆ ಹುಕ್ಕೇರಿಯವರೆಗೆ ಬಂದು ಬಿಟ್ಟು ಹೋಗಬಲ್ಲ, ಅಷ್ಟೇ. ಮನೆಯವರೆಲ್ಲ ಆಯಿಯ ಮುಖ ನೋಡಿದೆವು. ಆಕೆ ಮೊರವನ್ನು ಪಕ್ಕಕ್ಕಿಟ್ಟು, ಹೈಕೋರ್ಟಿನ ಯಾವ ಜಡ್ಜನಿಗೂ ಸಾಧ್ಯವಾಗದ ಸಮಾಧಾನದಿಂದ ತೀರ್ಪು ಕೊಟ್ಟಳು. "ಸ್ವಾಮಾರ ಹೂಡಬಾರದು ಅಂತ ಐತಿ. ಐತವಾರ ಹೂಡಿದ್ದನ್ನ ಸ್ವಾಮಾರ ಹೊಡೀಬಾರದು ಅಂತ ಎಲ್ಲೂ ಇಲ್ಲ. ದಸ್ತಗೀರ ಐತವಾರ ಸಂಜೀಕ ಹುಕ್ಕೇರಿಯೊಳಗ ಮೊದಲನೇ ಗೇರ್ ಹಾಕಿ ಇಟ್ಟು ಬರಲಿ. ನೀ ಸ್ವಾಮಾರ ಅದನ್ನ ಬಿಚ್ಚದಂಗ ಮನೀತನಕಾ ಬಾ." ಹೀಗೆ ಹೇಳಿ ತನ್ನ ಹಳೆಯ ಇಲಕಲ್ ಸೀರೆಯ ಸೆರಗಿನಿಂದ ಒಂದು ಪಟ್ಟಿ ಹರಿದು, ಗೇರಿನ ಕೋಲಿಗೆ ಕಟ್ಟುವುದಕ್ಕೆಂದು ದಸ್ತಗೀರ ಕಾಕಾನ ಕೈಗೆ ಕೊಟ್ಟಳು. ಅಪ್ಪನಿಗೆ ಇಪ್ಪತ್ತೈದು ಮೈಲಿಯನ್ನು ಮೊದಲನೆಯ ಗೇರಿನಲ್ಲಿ ಬರುವುದು ಹುಚ್ಚುತನ ಅನ್ನಿಸಿತು. ನನಗೆ ಮಾತ್ರ, ಶಾಸ್ತ್ರ ಸಂಪ್ರದಾಯಗಳಲ್ಲಿ ಎಷ್ಟು ಆಳವಾದ ಅರ್ಥವಿರುತ್ತದೆ ಎಂಬುದು ಅದೇ ಕ್ಷಣದಲ್ಲಿ ಹೊಳೆಯಿತು. ಭಕ್ತಿಯಿಂದ ತಲೆಬಾಗಿದೆ.

ಐತವಾರ ಸ್ಟೇರಿಂಗ್ ನನ್ನದು, ಗೇರಿನ ಕೋಲು ದಸ್ತಗೀರ ಕಾಕಾನದು. ಹುಕ್ಕೇರಿ ತಲುಪಿ, ಕೋಲನ್ನು ಮುಂದಕ್ಕೆ ಹಾಕಿ, ಪಟ್ಟಿಯಿಂದ ಡ್ಯಾಶ್‌ಬೋರ್ಡಿನ ಬುಡಕ್ಕೆ ಎರಡು ಗಂಟು ಬಿಗಿದು ಅವನು ಹೊರಟುಹೋದ. ಮರುದಿನ ಬೆಳಿಗ್ಗೆ ಅರ್ಧ ಓಣಿ ನೆರೆದಿತ್ತು. ಹಿಂದಿನ ಸೀಟಿನಲ್ಲಿ ನಾಲ್ಕು ಕೌದಿ ಹಾಸಿ ನೀಲಕ್ಕನನ್ನು ಕೂರಿಸಿದ್ದಾಯಿತು. ನಾನು ಕ್ಲಚ್ ಒತ್ತಿ ಹಿಡಿದು ಕೂತೆ; ಭಾವ ಮುಂದೆ ನಿಂತು ಹ್ಯಾಂಡಲ್ ತಿರುವಿದರು. ಎಂಜಿನ್ ಎದ್ದಿತು, ಕಾರು ಬಸುರಿಯಷ್ಟೇ ಜಾಗರೂಕವಾಗಿ ಮುಂದೆ ಸರಿಯಿತು. ಅಕ್ಕನ ಅತ್ತೆ ಪಕ್ಕದಲ್ಲೇ ಇಪ್ಪತ್ತು ಹೆಜ್ಜೆ ನಡೆಯುತ್ತ ಬಂದು, ಅವರ ನಡಿಗೆಗೂ ಕಾರಿನ ಓಟಕ್ಕೂ ವ್ಯತ್ಯಾಸ ಕಾಣದೆ, ಇದು ಇಷ್ಟು ಸಾವಕಾಶ ಯಾಕೆ ಎಂದು ಕೇಳಿದರು. ಇವತ್ತು ಸೋಮವಾರ, ನಮ್ಮ ಮನೆಯಲ್ಲಿ ಹೂಡುವುದಿಲ್ಲ, ನಿನ್ನೆ ಹೂಡಿದ್ದರ ಮೇಲೆಯೇ ಹೊರಟಿದ್ದೇನೆ ಎಂದು ಪಟ್ಟಿ ತೋರಿಸಿದೆ. ಆಕೆ ಸೆರಗು ಹೊದ್ದು ಕೈಮುಗಿದರು. ಆಮೇಲೆ ಓಣಿಗೆಲ್ಲ ಕೇಳುವಂತೆ, "ಮನೆತನ ಅಂದ್ರ ಹಿಂಗಿರಬೇಕು," ಅಂದರು. ಆ ಹೊಗಳಿಕೆಯನ್ನು ನಾನು ಒಂದು ಚೂರೂ ಚೆಲ್ಲದಂತೆ ಸ್ವೀಕರಿಸಿದೆ.

ಆ ಪ್ರಯಾಣ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎರಡೂ ಕಡೆ ಜೋಳದ ತೆನೆ, ಹೂವಿಗೆ ಬಂದ ಕುಸುಬೆ, ಎಳೆಬಿಸಿಲು. ಸೈಕಲ್ಲಿನವನೊಬ್ಬ ಒಂದು ಮೈಲಿ ನಮ್ಮ ಪಕ್ಕದಲ್ಲೇ ಮಾತಾಡುತ್ತ ಬಂದು, ಹೊತ್ತಾಯಿತೆಂದು ಮುಂದೆ ಹೋದ. ಕುರಿಯ ಹಿಂಡೊಂದು ನಮ್ಮನ್ನು ದಾಟಿತೋ ನಾವು ಅದನ್ನು ದಾಟಿದೆವೋ ಖಚಿತವಾಗಲಿಲ್ಲ. ಊರು ಕಾಣದ ಒಂದು ಬಯಲಿನಲ್ಲಿ ನೀಲಕ್ಕ ಮುಂದೆ ಬಾಗಿ, ಗುಟ್ಟು ಹೇಳುವ ದನಿಯಲ್ಲಿ ಅಂದಳು:

"ತಮ್ಮಾ, ಇಲ್ಲಿ ಯಾರೂ ನೋಡೂದಿಲ್ಲ. ಆ ಪಟ್ಟಿ ಬಿಚ್ಚಿ ಒಂದೀಟು ಜೋರ ಹೊಡಿಯಲ್ಲ. ಆಯಿ ಮುಂದ ನಾ ಹೇಳೂದಿಲ್ಲ."

ಬಣವೆ ಕಣ್ಣಮುಂದೆ ಬಂತು. ಅಟ್ಟದ ಮೇಲಿನ ತೊಟ್ಟಿಲೂ ಬಂತು.

"ಆಯಿಗೆ ಮಾತು ಕೊಟ್ಟೇನಕ್ಕಾ," ಅಂದೆ, ಸಾಧ್ಯವಾದಷ್ಟು ಗಟ್ಟಿ ದನಿಯಲ್ಲಿ.

ಅವಳು ಹಿಂದಕ್ಕೆ ಒರಗಿದಳು. ಸ್ವಲ್ಪ ಹೊತ್ತಿಗೆ ನಿದ್ದೆಯೂ ಹೋದಳು. ಕುಲುಕಾಟವಿಲ್ಲದ ಆ ನಿದ್ದೆಯನ್ನು ಕನ್ನಡಿಯಲ್ಲಿ ನೋಡಲು ನನಗೆ ಆಸೆಯಿತ್ತು. ಆದರೆ ನೋಡುವುದು, ಓಡಿಸುವುದು ಎರಡು ಕೆಲಸವಾಯಿತಲ್ಲ. ಧುಪದಾಳದ ಬಳಿ ಮೂತಿಯಿಂದ ಹಬೆ ಎದ್ದಿತು. ಎಂಜಿನ್ ಆರಿಸಿ, ಅದು ತಣ್ಣಗಾಗುವವರೆಗೆ ಕಾದು, ಹೊಳೆಯ ಒಡ್ಡಿನ ನೀರು ತಂದು ಮೊದಲು ಕಾರಿಗೆ ಹೊಯ್ದೆ, ಆಮೇಲೆ ನಾವು ಕುಡಿದೆವು. ದಾರಿಹೋಕರೊಬ್ಬರು ಹ್ಯಾಂಡಲ್ ತಿರುವಿಕೊಟ್ಟರು. ಗೋಕಾಕ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಆಯಿ ಬಾಗಿಲಲ್ಲೇ ನಿಂತಿದ್ದಳು. ರೊಟ್ಟಿಯ ತುಣುಕು ನಿವಾಳಿಸಿ ಎಸೆದು ಮೊಮ್ಮಗಳ ಕೈಹಿಡಿದು ಇಳಿಸಿಕೊಂಡಳು. ಒಳಗೆ ಹೋಗುವಾಗ ಮಾತ್ರ ಒಮ್ಮೆ ಬಗ್ಗಿ ಗಂಟನ್ನು ನೋಡಿದಳು. ಎರಡು ತಿಂಗಳಿಗೆ ನೀಲಕ್ಕನಿಗೆ ಹೆಣ್ಣು ಕೂಸು ಆಯಿತು. ಅಟ್ಟದ ತೊಟ್ಟಿಲು ಕೆಳಗಿಳಿಯಿತು.

ನನ್ನ ಧರ್ಮನಿಷ್ಠೆಯ ಈ ಕಥೆಯನ್ನು ನಾನು ಮದುವೆಮನೆಗಳಲ್ಲಿ, ಮಠದ ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದ್ದೇನೋ. ಆಯಿ ತೀರಿಕೊಂಡ ಬಹಳ ವರ್ಷಗಳ ಮೇಲೆ ಒಮ್ಮೆ ಮೂಡಲಗಿಯಲ್ಲಿ ದಸ್ತಗೀರ ಕಾಕಾ ಸಿಕ್ಕ. ಗಡ್ಡಕ್ಕೆ ಮೆಹಂದಿ ಹಚ್ಚುವುದನ್ನೂ ಬಿಟ್ಟಿದ್ದ. ಅವನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅವನೆದುರೂ ಅದೇ ಕಥೆ ತೆಗೆದೆ. ಅವನು ಪೂರ್ತಿ ಕೇಳಿ, ಬಸಿ ಕೆಳಗಿಟ್ಟು ಅಂದ:

"ಇನ್ನ ಹೇಳಿದ್ರ ತಪ್ಪಿಲ್ಲ ಬಿಡ್ರಿ. ನಾವು ಬಣವ್ಯಾಗ ಹೊಕ್ಕ ದಿನ ಸಂಜೀಕ ಆಯಿ ನನ್ನ ಕರದು ಕೇಳಿದ್ರು, ಹುಡುಗಗ ಯಾವುದು ಬರೂದಿಲ್ಲಾ ಅಂತ. ಎರಡನೇ ಗೇರ್ ಅಂದೆ. ಅದನ್ನ ಹಾಕದಿದ್ರ ಎಷ್ಟು ಜೋರ ಹೋಗ್ತೈತಿ ಅಂದ್ರು. ಎತ್ತಿಗಿಂತಾ ತುಸು ಜೋರ ಅಂದೆ. ನೀಲವ್ವಗ ಅಷ್ಟ ಸಾಕು ಅಂದ್ರು."

ನಾನ ಹೊಡಕೊಂಡು ಬರ್ತೇನಿ ಎಂದು ಅವನು ಹೇಳಿದನಂತೆ. ಆಯಿ ಒಪ್ಪಲಿಲ್ಲವಂತೆ. ತಮ್ಮ ಬಂದು ಕರೆದುಕೊಂಡು ಹೋದ ಎಂದು ನೀಲಕ್ಕನ ಅತ್ತೆಯ ಮನೆಯಲ್ಲಿ ಹೇಳಿಕೊಳ್ಳಬೇಕು, ತನ್ನ ಮಗ ಕೊಟ್ಟ ಮಾತೂ ಉಳಿಯಬೇಕು ಅಂದಳಂತೆ. ದಿನ ಸೋಮವಾರವೇ ಬರುವಂತೆ ಹುಕ್ಕೇರಿಯ ಅಯ್ಯನವರಿಗೆ ಹೇಳಿಕಳಿಸಿದವಳೂ ಆಕೆಯೇ.

"ಹಂಗಾದ್ರ ನಿನ್ನ ತಂಗಿ ಮಗಳ ಲಗ್ನಾ?" ಎಂದು ಕೇಳಿದೆ.

"ನನಗ ತಂಗೀನ ಇಲ್ರಿ," ಅಂದ ದಸ್ತಗೀರ ಕಾಕಾ.

ನನ್ನ ಬಸಿಯಲ್ಲಿನ ಚಹಾ ಧೋತರದ ಪಾಲಾಯಿತು.

ಈಗ ನನಗೆ ಎಪ್ಪತ್ತು ದಾಟಿದೆ. ಆ ಕಾರು ಹೋಯಿತು. ಸೀರೆಯ ಪಟ್ಟಿ ಮಾತ್ರ ನನ್ನ ಪೆಟ್ಟಿಗೆಯಲ್ಲಿದೆ. ಅಂಗಳದಲ್ಲಿ ಹೊಸ ಕಾರು ನಿಂತಿರುತ್ತದೆ. ನೀಲಕ್ಕನ ಮೊಮ್ಮಗಳು ಹುಕ್ಕೇರಿಯಿಂದ ಬಂದಾಗಲೆಲ್ಲ ಅದರ ಕೀಲಿಯನ್ನು ನನ್ನ ಕಡೆ ಚಾಚಿ, "ಬರ್ರಿ ಅಜ್ಜಾ, ನೀವ ಹೊಡೀರಿ," ಅನ್ನುತ್ತಾಳೆ. ಸೋಮವಾರವಾಗಿದ್ದರೆ ಹೂಡಬಾರದಮ್ಮ ಅಂದು ಗಂಭೀರವಾಗಿ ತಲೆಯಾಡಿಸಿ ಪಾರಾಗುತ್ತೇನೆ. ಕಷ್ಟ ಇರುವುದು ಉಳಿದ ಆರು ದಿನಗಳದ್ದು. ಅವಕ್ಕೂ ಒಂದೊಂದು ಶಾಸ್ತ್ರ ಹುಡುಕಿ ಕೊಡಲು ಈಗ ಕಟ್ಟೆಯ ಮೇಲೆ ಆಯಿ ಇಲ್ಲ.